‘ಸರ್ಫೇಸ್’ ಎಂದರೆ ಹೊರಮೈ ಮಾತ್ರವೇ?



ಇಂಗ್ಲಿಷಿನ ‘ಸರ್ಫೇಸ್’ ಎಂಬ ಪದ ನಿಮಗೆ ಹೊಸದಲ್ಲ. ಗಣಿತದ ಪಾಠದಲ್ಲಿ ಸಿಲಿಂಡರಿನ ‘ಸರ್ಫೇಸ್ ಏರಿಯಾ’ ಕಂಡುಹಿಡಿದಿದ್ದೀರಿ. ಭೌತಶಾಸ್ತ್ರದಲ್ಲಿ ‘ಸರ್ಫೇಸ್ ಟೆನ್ಷನ್’ ಓದಿದ್ದೀರಿ, ಇಲ್ಲವೇ ಮುಂದೆ ಓದಲಿದ್ದೀರಿ. ಪಾರ್ಸೆಲ್ ಕಳಿಸಲು ಹೋದರೆ ಕೌಂಟರಿನಲ್ಲಿ ಕುಳಿತವರು ‘ಏರ್ ಹಾಕಲೋ, ಸರ್ಫೇಸ್ ಹಾಕಲೋ?’ ಎಂದು ಕೇಳುತ್ತಾರೆ. ಇಂಗ್ಲಿಷ್ ಪತ್ರಿಕೆ ತೆರೆದರೆ ಒಂದು ಪುಟದಲ್ಲಿ ‘ಸರ್ಫೇಸ್ ಟು ಏರ್’ ಕ್ಷಿಪಣಿ, ಇನ್ನೊಂದು ಪುಟದಲ್ಲಿ ‘ಸರ್ಫೇಸ್’ ಆದ ಹೊಸ ಸಾಕ್ಷ್ಯ.

ನಿಘಂಟಿನಲ್ಲಿ ಈ ಪದಕ್ಕೆ ಮೊದಲು ಸಿಗುವ ಅರ್ಥ ‘ಮೇಲ್ಮೈ’. ಸಿಲಿಂಡರಿನ ಮೇಲ್ಮೈ, ನೀರಿನ ಮೇಲ್ಮೈ ಎನ್ನಬಹುದು, ಅಡ್ಡಿಯಿಲ್ಲ. ಆದರೆ ಪಾರ್ಸೆಲನ್ನು ‘ಮೇಲ್ಮೈಯಲ್ಲಿ ಕಳಿಸಿ’ ಎಂದರೆ ಯಾರಿಗೂ ಅರ್ಥವಾಗದು. ‘ಹೊಸ ಸಾಕ್ಷ್ಯ ಮೇಲ್ಮೈಯಾಯಿತು’ ಎಂದು ಬರೆದರೆ ಓದಿದವರು ನಕ್ಕಾರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿದ ಹುಡುಗ ಹುಡುಗಿಯರು ಎಡವುವುದು ಇಂಥ ಕಡೆಯೇ. ಅವರಿಗೆ ತಿಳಿಯದೆ ಹೋಗುವುದು ವಿಜ್ಞಾನವಲ್ಲ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವನ್ನು ಗಂಟುಹಾಕಿ ಬಾಯಿಪಾಠ ಮಾಡಿಕೊಂಡಿರುವುದೇ ತೊಡಕು. ಹಾಗಾದರೆ ಈ ಪದದ ಹತ್ತಾರು ಬಳಕೆಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಸಾಧ್ಯವೇ? ಸಾಧ್ಯವಿದೆ. ಆ ದಾರ ಯಾವುದು ಎಂಬುದನ್ನು ಈಗ ನೋಡೋಣ.

ಪದ ಬಂದ ದಾರಿ

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನಿಂದ, 17ನೆಯ ಶತಮಾನದ ಆರಂಭದಲ್ಲಿ. ‘ಸರ್’ ಎಂದರೆ ಮೇಲೆ, ‘ಫೇಸ್’ ಎಂದರೆ ಮುಖ. ಫ್ರೆಂಚರು ಇದನ್ನು ಕಟ್ಟಿಕೊಂಡದ್ದು ಲ್ಯಾಟಿನ್ನಿನ ‘ಸೂಪರ್‌ಫಿಷೀಸ್’ ಎಂಬ ಪದದ ಮಾದರಿಯಲ್ಲಿ. ಅಲ್ಲಿಯೂ ‘ಸೂಪರ್’ ಎಂದರೆ ಮೇಲೆ, ‘ಫೇಷೀಸ್’ ಎಂದರೆ ಮುಖ. ಕನ್ನಡದ ‘ಮೇಲ್ಮೈ’ಯನ್ನು ಬಿಡಿಸಿ ನೋಡಿ: ಮೇಲ್, ಮೈ. ಅವರು ಮುಖ ಎಂದರು, ನಾವು ಮೈ ಎಂದೆವು. ಅಷ್ಟೇ ವ್ಯತ್ಯಾಸ.

ಇನ್ನೂ ಹಿಂದಕ್ಕೆ ಹೋದರೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಿಗುತ್ತಾನೆ. ಆತ ಬಳಸಿದ ಪದ ‘ಎಪಿಫಾನೆಯಾ’. ಕಣ್ಣಿಗೆ ಕಾಣಿಸಿಕೊಳ್ಳುವುದು ಎಂಬುದು ಅದರ ಮೂಲಾರ್ಥ. ಅವನ ಲೆಕ್ಕದಲ್ಲಿ ಮೇಲ್ಮೈಗೆ ಇರುವುದು ಉದ್ದ ಮತ್ತು ಅಗಲ ಮಾತ್ರ. ದಪ್ಪ ಇಲ್ಲವೇ ಇಲ್ಲ.

ಈ ‘ದಪ್ಪವಿಲ್ಲ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಿ. ಕಿತ್ತಳೆ ಹಣ್ಣಿನ ಸಿಪ್ಪೆ ಅದರ ಮೇಲ್ಮೈಯೇ? ಅಲ್ಲ. ಸಿಪ್ಪೆಗೆ ದಪ್ಪವಿದೆ, ಅದನ್ನು ಸುಲಿದು ತೆಗೆಯಬಹುದು. ಸುಲಿದ ಸಿಪ್ಪೆಗೇ ಒಳಗೊಂದು, ಹೊರಗೊಂದು ಮೇಲ್ಮೈ ಇದೆ. ಹಣ್ಣು ಮುಗಿದು ಗಾಳಿ ಆರಂಭವಾಗುವ ಗಡಿ ಇದೆಯಲ್ಲ, ಅದು ಕಿತ್ತಳೆಯ ಮೇಲ್ಮೈ. ಎರಡು ಹೊಲಗಳ ನಡುವೆ ಎಳೆದ ಗೆರೆಯಂತೆ ಅದು ಇತ್ತಲಿನದೂ ಹೌದು, ಅತ್ತಲಿನದೂ ಹೌದು.

ಹಾಗಾಗಿ ‘ಹೊರಭಾಗ’ ಎಂಬ ಒಂದೇ ಅರ್ಥ ಸಾಲದು. ಕೊಡಕ್ಕೆ ಹೊರಗೆ ಮೇಲ್ಮೈ ಇರುವಂತೆ ಒಳಗೂ ಇದೆ. ಸರ್ಫೇಸ್ ಎಂದರೆ ಎರಡು ವಸ್ತುಗಳು ಸಂಧಿಸುವ ಗಡಿ. ಈ ಪದ ಎಲ್ಲಿ ಕಂಡರೂ ‘ಯಾವುದರ ಮತ್ತು ಯಾವುದರ ನಡುವೆ?’ ಎಂದು ಕೇಳಿಕೊಳ್ಳಿ. ನಾನು ಹೇಳಿದ ದಾರ ಇದೇ.

ತುಂಡು ಮಾಡಿದಷ್ಟೂ ಬೆಳೆಯುವ ಗಡಿ

ಎರಡು ದೇಶಗಳ ನಡುವೆ ವ್ಯಾಪಾರ ನಡೆಯುವುದು ಗಡಿಯ ಮೂಲಕ. ವಸ್ತುಗಳ ನಡುವಿನ ವ್ಯವಹಾರವೂ ಹಾಗೆಯೇ. ಶಾಖ ಹೊರಹೋಗುವುದು, ನೀರು ಆವಿಯಾಗುವುದು, ಸೌದೆ ಉರಿಯುವುದು, ಬೆಲ್ಲ ಕರಗುವುದು, ಇವೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಗಡಿ ಉದ್ದವಾದಷ್ಟೂ ವ್ಯವಹಾರ ಜೋರು.

ಒಂದು ಲೆಕ್ಕ ಮಾಡೋಣ. ಪ್ರತಿ ಅಂಚೂ 10 ಸೆಂಟಿಮೀಟರ್ ಇರುವ ಒಂದು ಘನಾಕೃತಿಯ ಬೆಲ್ಲದ ಅಚ್ಚನ್ನು ತೆಗೆದುಕೊಳ್ಳಿ. ಅದಕ್ಕೆ ಆರು ಮುಖಗಳು, ಒಂದೊಂದೂ 100 ಚದರ ಸೆಂಟಿಮೀಟರ್. ಒಟ್ಟು ಮೇಲ್ಮೈ ವಿಸ್ತೀರ್ಣ 600 ಚದರ ಸೆಂಟಿಮೀಟರ್. ಇದನ್ನೇ 1 ಸೆಂಟಿಮೀಟರಿನ ಚಿಕ್ಕ ಘನಗಳಾಗಿ ಕತ್ತರಿಸಿದರೆ 1000 ತುಂಡುಗಳಾಗುತ್ತವೆ. ಒಂದೊಂದರ ಮೇಲ್ಮೈ 6 ಚದರ ಸೆಂಟಿಮೀಟರ್, ಎಲ್ಲ ಸೇರಿ 6000. ಬೆಲ್ಲ ಒಂದು ಚೂರೂ ಹೆಚ್ಚಾಗಲಿಲ್ಲ, ಮೇಲ್ಮೈ ಮಾತ್ರ ಹತ್ತು ಪಟ್ಟಾಯಿತು. 1 ಮಿಲಿಮೀಟರಿನ ಹರಳುಗಳಾಗಿ ಒಡೆದರೆ 60,000 ಚದರ ಸೆಂಟಿಮೀಟರ್, ಅಂದರೆ 6 ಚದರ ಮೀಟರ್, ಆಗುತ್ತದೆ. ಅಚ್ಚು ಬೆಲ್ಲಕ್ಕಿಂತ ಪುಡಿ ಬೆಲ್ಲ ಬೇಗ ಕರಗುವುದರ ಗುಟ್ಟು ಇದು.

ನಿಮ್ಮ ಮನೆಯಲ್ಲಿ ಇದನ್ನು ಯಾರೂ ಪಾಠ ಹೇಳಿಸಿಕೊಳ್ಳದೆಯೇ ಬಲ್ಲರು. ಬಿಸಿ ಕಾಫಿಯನ್ನು ಅಜ್ಜ ತಟ್ಟೆಗೆ ಸುರಿದುಕೊಂಡು ಕುಡಿಯುವುದು ಕಾಫಿಯ ಮೇಲ್ಮೈಯನ್ನು ಹಿಗ್ಗಿಸಲೆಂದೇ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿಡದೆ ಹರವುವುದು, ಒಲೆ ಹೊತ್ತಿಸುವಾಗ ಮೊದಲು ದಿಮ್ಮಿಯ ಬದಲು ಪುರಳೆ ಇಡುವುದು, ಹಪ್ಪಳವನ್ನು ತೆಳ್ಳಗೆ ಲಟ್ಟಿಸಿ ಒಣಗಿಸುವುದು, ಎಲ್ಲದರ ಹಿಂದೆ ಇರುವುದು ಈ ಲೆಕ್ಕವೇ. ಅಗಲವಾದ, ಆಳವಿಲ್ಲದ ಕೆರೆ ಬೇಸಿಗೆಯಲ್ಲಿ ಬೇಗ ಬತ್ತುತ್ತದೆ. ಅಷ್ಟೇ ನೀರು ಆಳವಾದ ಬಾವಿಯಲ್ಲಿದ್ದರೆ ಹೆಚ್ಚು ಕಾಲ ಉಳಿಯುತ್ತದೆ. ಬಿಸಿಲು ಮತ್ತು ಗಾಳಿಗೆ ತೆರೆದುಕೊಂಡ ಮೇಲ್ಮೈ ಬಾವಿಯಲ್ಲಿ ಕಡಿಮೆ.

ಇದೇ ಲೆಕ್ಕ ಅಪಾಯವನ್ನೂ ತರಬಲ್ಲದು. ಬಾಣಲೆಯಲ್ಲಿ ಕಾದ ಎಣ್ಣೆಗೆ ಬೆಂಕಿ ಹತ್ತಿದಾಗ ಗಾಬರಿಯಿಂದ ನೀರು ಸುರಿಯುವವರಿದ್ದಾರೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಅದು ಕೆಳಗಿಳಿಯುತ್ತದೆ. ಅಲ್ಲಿನ ಶಾಖಕ್ಕೆ ಕ್ಷಣಮಾತ್ರದಲ್ಲಿ ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ. ಆ ರಭಸಕ್ಕೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಸಿಡಿಯುತ್ತದೆ. ಬಾಣಲೆಯಷ್ಟಗಲ ಇದ್ದ ಮೇಲ್ಮೈ ಒಮ್ಮೆಲೇ ನೂರಾರು ಪಟ್ಟಾಗಿ, ಪ್ರತಿ ಹನಿಯ ಸುತ್ತಲೂ ಗಾಳಿ ಸಿಕ್ಕಿ, ಜ್ವಾಲೆ ಮಾಡಿನವರೆಗೆ ಏಳುತ್ತದೆ. ಮಾಡಬೇಕಾದದ್ದು ಇಷ್ಟೆ: ಒಲೆ ಆರಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳ ಅಥವಾ ತಟ್ಟೆಯನ್ನು ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದಿರಿ. ಮುಚ್ಚಳ ಮಾಡುವ ಕೆಲಸ ಎಣ್ಣೆ ಮತ್ತು ಗಾಳಿಯ ನಡುವಿನ ಗಡಿಯನ್ನು ಕಡಿದುಹಾಕುವುದು.

ನಿಮ್ಮೊಳಗಿನ ಮೇಲ್ಮೈ

ವಯಸ್ಕರೊಬ್ಬರ ಚರ್ಮವನ್ನೆಲ್ಲ ಹರವಿದರೆ ಹೆಚ್ಚೆಂದರೆ 2 ಚದರ ಮೀಟರ್ ಆದೀತು. ಆದರೆ ಅವರೊಳಗೆ ಇದಕ್ಕಿಂತ ಬಹು ದೊಡ್ಡ ಮೇಲ್ಮೈ ಅಡಗಿದೆ. ಅದು ಶ್ವಾಸಕೋಶದ್ದು. ಎರಡು ಶ್ವಾಸಕೋಶಗಳಲ್ಲಿ ಹಿಡಿಸುವ ಗಾಳಿ ಸುಮಾರು 6 ಲೀಟರ್. ಈ 6 ಲೀಟರ್ ಗಾಳಿಯನ್ನು ಒಂದೇ ಗೋಲಾಕಾರದ ಬಲೂನಿನಲ್ಲಿ ತುಂಬಿದ್ದರೆ ಅದರ ಮೇಲ್ಮೈ ಒಂದು ಚದರ ಮೀಟರಿನ ಆರನೆಯ ಒಂದು ಭಾಗದಷ್ಟೂ ಆಗುತ್ತಿರಲಿಲ್ಲ. ಪ್ರಕೃತಿ ಹಾಗೆ ಮಾಡದೆ ಅದನ್ನು 30ರಿಂದ 50 ಕೋಟಿ ಪುಟ್ಟ ಗಾಳಿಗೂಡುಗಳಾಗಿ ವಿಂಗಡಿಸಿದೆ. ಎಲ್ಲವನ್ನೂ ಹರವಿದರೆ ಸುಮಾರು 70 ಚದರ ಮೀಟರ್ ಎಂದು ಅಂದಾಜು. ಬ್ಯಾಡ್ಮಿಂಟನ್ ಆಟದ ಪೂರ್ಣ ಅಂಗಳ 82 ಚದರ ಮೀಟರಿಗೆ ಸ್ವಲ್ಪ ಕಡಿಮೆ. ಅಂದರೆ ಹೆಚ್ಚು ಕಡಿಮೆ ಒಂದು ಅಂಗಳವನ್ನೇ ಮಡಚಿ ನಿಮ್ಮ ಎದೆಗೂಡಿನಲ್ಲಿ ಇಟ್ಟಂತಾಯಿತು. ಗಾಳಿ ಮತ್ತು ರಕ್ತದ ನಡುವಿನ ಗಡಿ ಅದು. ಆಮ್ಲಜನಕ ಒಳಬರುವುದೂ ಇಂಗಾಲದ ಡೈ ಆಕ್ಸೈಡ್ ಹೊರಹೋಗುವುದೂ ಅದರ ಮೂಲಕವೇ.

ಬಹುಕಾಲ ಬೀಡಿ, ಸಿಗರೇಟು ಸೇದಿದವರಿಗೆ ಎಂಫಿಸೀಮ ಎಂಬ ಕಾಯಿಲೆ ಬರುವುದುಂಟು. ಗಾಳಿಗೂಡುಗಳ ನಡುವಿನ ತೆಳು ಗೋಡೆಗಳು ಒಡೆದು, ಹತ್ತಾರು ಪುಟ್ಟ ಗೂಡುಗಳಿದ್ದಲ್ಲಿ ಒಂದು ದೊಡ್ಡ ಪೊಳ್ಳು ಉಳಿಯುತ್ತದೆ. ಇಲ್ಲಿ ಬೆಲ್ಲದ ಲೆಕ್ಕವನ್ನು ತಿರುಗಿಸಿ ನೋಡಿ. ಎದೆಯೊಳಗೆ ಗಾಳಿಗೆ ಜಾಗ ಕಡಿಮೆಯಾಗಿರುವುದಿಲ್ಲ, ಇನ್ನೂ ಹೆಚ್ಚೇ ಆಗಿರಬಹುದು. ಕಡಿಮೆಯಾದದ್ದು ಮೇಲ್ಮೈ. ಆದ್ದರಿಂದಲೇ ಎದೆ ತುಂಬ ಗಾಳಿಯಿದ್ದರೂ ಆ ಮನುಷ್ಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಒಡೆದ ಗೋಡೆಗಳು ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಕಾಲೇಜಿನ ಗೇಟಿನ ಬಳಿ ಯಾರಾದರೂ ಮೊದಲ ಸಿಗರೇಟನ್ನು ನಿಮ್ಮತ್ತ ಚಾಚಿದಾಗ ಈ ಲೆಕ್ಕ ನೆನಪಿಗೆ ಬರಲಿ.

ಪಾತ್ರೆ ತೊಳೆಯುವ ನೀರಿನಿಂದ ಹೊರಟ ವಿಜ್ಞಾನ

ಇನ್ನು ‘ಸರ್ಫೇಸ್ ಟೆನ್ಷನ್’ ನೋಡೋಣ. ಕನ್ನಡದಲ್ಲಿ ಮೇಲ್ಮೈ ಎಳೆತ ಎನ್ನುತ್ತೇವೆ. ನೀರಿನ ಒಳಗಿರುವ ಅಣುವನ್ನು ಅಕ್ಕಪಕ್ಕದ ಅಣುಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಎಳೆಯುತ್ತವೆ. ಗಡಿಯಲ್ಲಿರುವ ಅಣುವಿಗೆ ಮೇಲಿನಿಂದ ಎಳೆಯುವ ನೀರಿನ ನೆಂಟರಿಲ್ಲ. ಆದ್ದರಿಂದ ಅದು ಒಳಕ್ಕೆ ಸೆಳೆಯಲ್ಪಡುತ್ತದೆ, ನೀರು ತನ್ನ ಮೇಲ್ಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳಲು ನೋಡುತ್ತದೆ. ನಿರ್ದಿಷ್ಟ ಗಾತ್ರಕ್ಕೆ ಅತಿ ಕಡಿಮೆ ಮೇಲ್ಮೈ ಇರುವ ಆಕಾರ ಗೋಲ. ಕೆಸುವಿನ ಎಲೆಯ ಮೇಲೆ ಪುಟ್ಟ ಹನಿ ಮುತ್ತಿನಂತೆ ದುಂಡಗೆ ನಿಲ್ಲುವುದಕ್ಕೆ ಇದೊಂದು ಕಾರಣ. ಎಲೆಯ ಮೇಲಿರುವ ಮೇಣ ಮತ್ತು ಕಣ್ಣಿಗೆ ಕಾಣದ ಉಬ್ಬುಗಳು ನೀರನ್ನು ಅಂಟಿಸಿಕೊಳ್ಳದಿರುವುದು ಇನ್ನೊಂದು ಕಾರಣ.

ಈ ಎಳೆತವನ್ನು ನಿಖರವಾಗಿ ಅಳೆಯುವ ದಾರಿ ತೋರಿಸಿದವರಲ್ಲಿ ಒಬ್ಬಳು ಕಾಲೇಜಿನ ಮೆಟ್ಟಿಲನ್ನೇ ಹತ್ತಿರಲಿಲ್ಲ. ಆಕೆ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಆಗ್ನೆಸ್ ಪೊಕೆಲ್ಸ್, ಹುಟ್ಟಿದ್ದು 1862ರಲ್ಲಿ. ಆ ಕಾಲಕ್ಕೆ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆ ತಾಯಿಯ ಆರೈಕೆ, ಮನೆಗೆಲಸ, ಇವು ಆಕೆಯ ಪಾಲಿಗೆ ಬಂದವು. ಎಣ್ಣೆ, ಸಾಬೂನು ಬೆರೆತಾಗ ನೀರಿನ ಮೇಲ್ಮೈ ವರ್ತಿಸುವ ಬಗೆ ಬದಲಾಗುವುದನ್ನು ಆಕೆ ಗಮನಿಸಿದಳು. ತಗಡಿನ ಒಂದು ತೊಟ್ಟಿ, ನೀರಿನ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಲು ಅದರ ಮೇಲೆ ಸರಿದಾಡುವ ಒಂದು ತಗಡಿನ ಪಟ್ಟಿ, ಒಂದು ಸಣ್ಣ ತಕ್ಕಡಿ, ಇಷ್ಟನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಅಳೆದಳು.

1891ರ ಜನವರಿಯಲ್ಲಿ ಆಕೆ ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದಳು. ರೇಲಿ ಅದನ್ನು ಬದಿಗಿಡಲಿಲ್ಲ. ಆತನ ಪತ್ನಿ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು, ರೇಲಿ ‘ನೇಚರ್’ ಪತ್ರಿಕೆಗೆ ಶಿಫಾರಸು ಮಾಡಿದರು. ಅದೇ ವರ್ಷದ ಮಾರ್ಚಿಯಲ್ಲಿ ಅದು ಅಚ್ಚಾಯಿತು. ಮುಂದೆ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಆಕೆಯ ತೊಟ್ಟಿಯನ್ನು ಇನ್ನಷ್ಟು ಸುಧಾರಿಸಿ ಬಳಸಿದ. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕಾಗಿ ಅವನಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ವರ್ಷ, ಎಪ್ಪತ್ತನೆಯ ವಯಸ್ಸಿನಲ್ಲಿ, ಆಗ್ನೆಸ್ ಪೊಕೆಲ್ಸ್‌ಗೆ ಅವಳ ಊರಿನ ತಾಂತ್ರಿಕ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು.

ಚಂದ್ರನ ನೆಲ, ಸೂರ್ಯನ ಗಡಿ

ನೀರಿಗಾದರೆ ಗಡಿ ಕಣ್ಣಿಗೆ ಕಾಣುತ್ತದೆ. ಆಕಾಶಕಾಯಗಳಿಗೆ? ಚಂದ್ರನದು ಗಟ್ಟಿ ನೆಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಅಲ್ಲಿ ಇಳಿದಾಗ ಇಂಗ್ಲಿಷ್ ಪತ್ರಿಕೆಗಳ ‘ಲೂನಾರ್ ಸರ್ಫೇಸ್’ ಕನ್ನಡ ಪತ್ರಿಕೆಗಳಲ್ಲಿ ‘ಚಂದ್ರನ ಅಂಗಳ’ವಾಯಿತು. ಎಷ್ಟು ಸೊಗಸಾದ ಪದ! ಲ್ಯಾಂಡರಿನಲ್ಲಿದ್ದ ಉಷ್ಣಮಾಪಕ ಮಣ್ಣಿನೊಳಕ್ಕೆ ಇಳಿದು ಅಳೆದಾಗ ಮೇಲ್ಮೈಯ ಬಳಿ ಸುಮಾರು 50 ಡಿಗ್ರಿ ಸೆಲ್ಸಿಯಸ್, ಕೇವಲ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಎಂದು ಕಂಡುಬಂತು. ಅಲ್ಲಿನ ಮಣ್ಣು ಶಾಖವನ್ನು ಅಷ್ಟು ಕಡಿಮೆ ಸಾಗಿಸುತ್ತದೆ. ಚಂದ್ರನ ನೆಲ ಬಿಸಿ ಎನ್ನುವುದು ನಿಜ, ಒಂದು ಗೇಣು ಅಗೆಯುವವರೆಗೆ ಮಾತ್ರ ನಿಜ.

ಸೂರ್ಯನ ‘ಸರ್ಫೇಸ್’ ಸುಮಾರು 5500 ಡಿಗ್ರಿ ಸೆಲ್ಸಿಯಸ್ ಎಂದು ಓದಿರುತ್ತೀರಿ. ಆದರೆ ಸೂರ್ಯ ಪೂರ್ತಿ ಬಿಸಿ ಅನಿಲ, ಅಲ್ಲಿ ಕಾಲೂರಲು ನೆಲವಿಲ್ಲ. ಒಳಗಿನ ಬೆಳಕು ತಡೆಯಿಲ್ಲದೆ ಹೊರಕ್ಕೆ ಹೊರಡುವ ಪದರವನ್ನು, ಅಂದರೆ ನಮ್ಮ ಕಣ್ಣಿಗೆ ಅಂಚಿನಂತೆ ತೋರುವ ಪದರವನ್ನು, ವಿಜ್ಞಾನಿಗಳು ಸರ್ಫೇಸ್ ಎಂದು ಕರೆದಿದ್ದಾರೆ. ಇಲ್ಲಿ ‘ನೆಲ’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಕಾಣುವ ಭಾಗ ಮತ್ತು ಕಾಣದ ಭಾಗದ ನಡುವಿನ ಗಡಿ ಎಂದರೆ ಸರಿ. ಯೂಕ್ಲಿಡನ ‘ಕಾಣಿಸಿಕೊಳ್ಳುವುದು’ ನೆನಪಾಯಿತಲ್ಲವೆ?

ಪತ್ರಿಕೆಯ ಸರ್ಫೇಸ್

ಈಗ ಆರಂಭದ ತೊಡಕುಗಳಿಗೆ ಮರಳೋಣ. ಪಾರ್ಸೆಲ್ ಕೌಂಟರಿನ ‘ಸರ್ಫೇಸ್’ ಯಾವುದರ ಮತ್ತು ಯಾವುದರ ನಡುವಿನದು? ಕೆಳಗಿನ ಭೂಮಿ ಮತ್ತು ಮೇಲಿನ ಗಾಳಿಯ ನಡುವಿನದು. ವಿಮಾನ ಹತ್ತದೆ ಹೋಗುವುದೆಲ್ಲ ಸರ್ಫೇಸ್. ಲಾರಿ ಮತ್ತು ರೈಲು ನೆಲದ ಮೇಲೆ, ಹಡಗು ನೀರಿನ ಮೇಲೆ. 1990ರ ದಶಕದಲ್ಲಿ ಕೇಂದ್ರ ಸರ್ಕಾರದಲ್ಲಿ ‘ಸರ್ಫೇಸ್ ಟ್ರಾನ್ಸ್‌ಪೋರ್ಟ್’ ಎಂಬ ಮಂತ್ರಾಲಯವೇ ಇತ್ತು. ಹೆದ್ದಾರಿಗಳ ಜೊತೆ ಹಡಗು ಮತ್ತು ಬಂದರುಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅದನ್ನು ‘ಭೂಸಾರಿಗೆ’ ಎಂದುಬಿಟ್ಟರೆ ಹಡಗು ಹೊರಗುಳಿಯುತ್ತದೆ.

ಕ್ಷಿಪಣಿಗಳದೂ ಇದೇ ಕಥೆ. ‘ಪೃಥ್ವಿ’ಯನ್ನು ‘ನೆಲದಿಂದ ನೆಲಕ್ಕೆ’ ಹಾರುವ ಕ್ಷಿಪಣಿ ಎನ್ನುವುದು ಸರಿ. ಅದರ ನೌಕಾಪಡೆಯ ರೂಪ ‘ಧನುಷ್’ ಹಾರುವುದು ಹಡಗಿನ ಮೇಲಿಂದ. ಇಂಗ್ಲಿಷಿನಲ್ಲಿ ಅದೂ ‘ಸರ್ಫೇಸ್ ಟು ಸರ್ಫೇಸ್’. ಸಮುದ್ರದ ನಡುವೆ ನೆಲ ಎಲ್ಲಿಂದ ಬರಬೇಕು?

ಇನ್ನು ಕ್ರಿಯಾಪದ. ಜಲಾಂತರ್ಗಾಮಿ ‘ಸರ್ಫೇಸ್’ ಆಯಿತು ಎಂದರೆ ನೀರು ಮತ್ತು ಗಾಳಿಯ ಗಡಿಗೆ ಬಂತು, ಅರ್ಥಾತ್ ಮೇಲೆದ್ದಿತು. ಸಾಕ್ಷ್ಯ ‘ಸರ್ಫೇಸ್’ ಆಯಿತು ಎಂದರೆ ಅಡಗಿದ್ದದ್ದು ಕಾಣುವ ಗಡಿಗೆ ಬಂತು. ಕನ್ನಡದಲ್ಲಿ ಅದು ‘ಬೆಳಕಿಗೆ ಬಂತು’. ರಸ್ತೆಯನ್ನು ‘ಸರ್ಫೇಸ್’ ಮಾಡುವುದು ಎಂದರೆ ಜಲ್ಲಿ ಹಾಸಿದ ದಾರಿಗೆ ಡಾಂಬರು ಹಾಕುವುದು.

ಕನ್ನಡದಲ್ಲಿ ಮಾಹಿತಿ ಕೊಡುವ ನಮ್ಮಂಥವರಿಗೂ ಇಲ್ಲಿ ಪಾಠವಿದೆ. 2020ರಲ್ಲಿ ಕೋವಿಡ್ ಹರಡಿದಾಗ ‘ಸರ್ಫೇಸ್’ಗಳನ್ನು ಮುಟ್ಟಿದ ಕೈಯನ್ನು ಮುಖಕ್ಕೆ ತಾಗಿಸಬೇಡಿ ಎಂಬ ಸೂಚನೆ ಎಲ್ಲೆಡೆ ಕೇಳಿಬರುತ್ತಿತ್ತು. ಇದನ್ನು ‘ಮೇಲ್ಮೈ ಮುಟ್ಟಬೇಡಿ’ ಎಂದು ಅನುವಾದಿಸಿದರೆ ಕೇಳಿದ ಹಿರಿಯರಿಗೆ ಯಾರದೋ ಮೈಯ ಮಾತು ಎನಿಸಿದರೆ ಆಶ್ಚರ್ಯವಿಲ್ಲ. ಬಾಗಿಲ ಚಿಲಕ, ಬಸ್ಸಿನ ಕಂಬಿ, ಅಂಗಡಿಯ ಕಟ್ಟೆ ಎಂದು ಬಿಡಿಸಿ ಹೇಳಿದರೆ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಪದಕ್ಕೆ ಪದ ಕೊಡುವುದು ಅನುವಾದವಲ್ಲ, ಅರ್ಥಕ್ಕೆ ಅರ್ಥ ಕೊಡುವುದು ಅನುವಾದ.

ಥಳುಕು, ಹುಳುಕು

ಕೊನೆಯದಾಗಿ ಒಂದು ನಿಂದೆಯ ಅರ್ಥ. ಅದೇ ಲ್ಯಾಟಿನ್ ಮೂಲದಿಂದ ಬಂದ ‘ಸೂಪರ್‌ಫಿಷಿಯಲ್’ ಎಂಬ ಪದಕ್ಕೆ ಆಳವಿಲ್ಲದ್ದು, ತೋರಿಕೆಯದು ಎಂಬ ಅರ್ಥವೂ ಇದೆ. ‘ಆನ್ ದಿ ಸರ್ಫೇಸ್’ ಎಂದರೆ ಮೇಲ್ನೋಟಕ್ಕೆ. ನಮ್ಮಲ್ಲಿಯೂ ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಇದೆ. ಮನುಷ್ಯರ ವಿಷಯದಲ್ಲಿ ಈ ಎಚ್ಚರಿಕೆ ಒಳ್ಳೆಯದೇ. ಆದರೆ ವಿಜ್ಞಾನದಲ್ಲಿ ಮೇಲ್ಮೈ ಹಗುರವಾದ ಸಂಗತಿಯಲ್ಲ ಎಂಬುದನ್ನು ಈಗ ಕಂಡಿದ್ದೀರಿ. ಉಸಿರು, ಬೆಂಕಿ, ಕೆರೆಯ ನೀರು, ಎಲ್ಲದರ ಭವಿಷ್ಯ ನಿರ್ಧಾರವಾಗುವುದು ಅಲ್ಲಿಯೇ.

ಈಗ ನಿಮಗೊಂದು ಕೆಲಸ. ಒಂದು ಬಟ್ಟಲಿನಲ್ಲಿ ನೀರು ತುಂಬಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಬೆರಳ ತುದಿಗೆ ಸಾಬೂನು ಸವರಿ ನಡುವೆ ಮುಟ್ಟಿ. ಪುಡಿ ಥಟ್ಟನೆ ಅಂಚಿಗೆ ಸರಿಯುತ್ತದೆ. ಏಕೆ? ಬೆರಳಿಟ್ಟ ಕಡೆ ಎಳೆತ ಕಡಿಮೆಯಾಗಿದೆ, ಸುತ್ತಲಿನ ನೀರು ಮೊದಲಿನಂತೆಯೇ ಎಳೆಯುತ್ತಿದೆ. ಇದನ್ನು ಮಾಡಿದ ಬಳಿಕ ಈ ವಾರದ ಯಾವುದಾದರೂ ಇಂಗ್ಲಿಷ್ ಪತ್ರಿಕೆಯಿಂದ ‘ಸರ್ಫೇಸ್’ ಇರುವ ಐದು ವಾಕ್ಯಗಳನ್ನು ಆರಿಸಿ. ‘ಮೇಲ್ಮೈ’ ಎಂಬ ಪದವನ್ನು ಬಳಸದೆ ಅವನ್ನು ಕನ್ನಡಕ್ಕೆ ತನ್ನಿ. ಪ್ರತಿ ವಾಕ್ಯದಲ್ಲೂ ಗಡಿ ಯಾವುದರ ಮತ್ತು ಯಾವುದರ ನಡುವಿನದು ಎಂದು ಮೊದಲು ಕೇಳಿಕೊಳ್ಳಿ. ಸರಿಯಾದ ಕನ್ನಡ ಪದ ತಾನಾಗಿಯೇ ಮೇಲೆದ್ದು ಬರುತ್ತದೆ.